ಚಿಕ್ಕದೋ, ಉದ್ದದ್ದೋ, ಉಂಗುರವೋ: ಕ್ಯಾನ್ಸರ್ ಕೋಶದ ಕೊಬ್ಬು ಮತ್ತು ಸಾವಿನ ಕೆಲಸಕ್ಕೆ ಯಾವ ಆರ್‌ಎನ್‌ಎ ಹಿಡಿಯಬೇಕು?

ಹೊಸ ಬ್ಯಾಚ್ ಸೇರುವ ಹೊತ್ತಿಗೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರತೊಡಗುತ್ತದೆ. "ಸರ್, ಕ್ಯಾನ್ಸರ್‌ನಲ್ಲಿ ಫೆರಾಪ್ಟೋಸಿಸ್ ಮೇಲೆ ಪ್ರಾಜೆಕ್ಟ್ ಮಾಡೋಣ ಅಂತಿದೀನಿ. ಮೈಕ್ರೋ ಆರ್‌ಎನ್‌ಎ ತಗೊಳ್ಲಾ, ಎಲ್‌ಎನ್‌ಸಿ ತಗೊಳ್ಲಾ, ಸರ್ಕ್ ತಗೊಳ್ಲಾ?" ಫೆರಾಪ್ಟೋಸಿಸ್ ಅಂದರೆ ಕಬ್ಬಿಣದ ನೆರವಿನಿಂದ ಪೊರೆಯ ಕೊಬ್ಬು ಕೆಟ್ಟು ಕೋಶ ಸಾಯುವ ಬಗೆ; ಮೈಕ್ರೋ, ಎಲ್‌ಎನ್‌ಸಿ, ಸರ್ಕ್ ಅಂದರೆ ಚಿಕ್ಕ, ಉದ್ದದ, ಉಂಗುರದ ಆರ್‌ಎನ್‌ಎಗಳು. ಕೇಳುವವರಲ್ಲಿ ಎಂಎಸ್ಸಿ ಹುಡುಗರಿದ್ದಾರೆ, ಪಿಎಚ್‌ಡಿಗೆ ಈಗಷ್ಟೇ ಸೇರಿದವರಿದ್ದಾರೆ, ಒಬ್ಬಿಬ್ಬರು ಎಂಡಿ ಮಾಡುತ್ತಿರುವ ಡಾಕ್ಟರೂ ಇದ್ದಾರೆ. ಎಷ್ಟೋ ಜನ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. "ಸರ್ಕ್ ಹೊಸದಲ್ವಾ ಸರ್, ಪೇಪರ್ ಬೇಗ ಆಗುತ್ತೆ."

ಹೊಸದು ಅನ್ನುವ ಕಾರಣಕ್ಕೇ ನಾನೂ ಒಂದು ಸಲ ಆರಿಸಿದ್ದೆ. ಲಿವರ್ ಕ್ಯಾನ್ಸರ್ ಕೋಶಗಳಲ್ಲಿ ಜಾಸ್ತಿ ಕಂಡ ಒಂದು ಉದ್ದದ ಆರ್‌ಎನ್‌ಎ ಹಿಡಿದು ಹದಿನಾಲ್ಕು ತಿಂಗಳು ಕೂತೆ. ಕೋಶದಲ್ಲಿ ಅದರ ಪ್ರಮಾಣ ಇಳಿಸಿದರೆ ಒಂದು ವಾರ ಕೋಶ ಸಾಯುತ್ತಿತ್ತು, ಮುಂದಿನ ವಾರ ಸಾಯುತ್ತಿರಲಿಲ್ಲ. ಕೊನೆಗೆ ಬೇಸತ್ತು, ಒಂದು ಕೋಶದಲ್ಲಿ ಅದರ ಎಷ್ಟು ಪ್ರತಿ ಇದೆ ಎಂದು ಲೆಕ್ಕ ಹಾಕಿದೆವು. ಐದು ಕೋಶಕ್ಕೆ ಒಂದು ಪ್ರತಿಯೂ ಸರಿಯಾಗಿ ಇರಲಿಲ್ಲ. ಐದು ಮನೆಗೆ ಒಂದು ಕೊಡೆ ಇದ್ದ ಹಾಗೆ. ಮಳೆಯಲ್ಲಿ ಯಾರು ಒಣಗಿದ್ದರು ಎಂದು ಆ ಕೊಡೆಯನ್ನು ಕೇಳಿದರೆ ಏನು ಪ್ರಯೋಜನ? ಅಂದಿನಿಂದ ಯಾರೇ ಕೇಳಿದರೂ ನಾನು ಮೊದಲು ಎರಡು ಪ್ರಶ್ನೆ ತಿರುಗಿ ಕೇಳುತ್ತೇನೆ. ಅದು ಎಷ್ಟಿದೆ? ಎಲ್ಲಿದೆ? ಕೆಳಗಿನ ಹೋಲಿಕೆಯೆಲ್ಲ ಈ ಎರಡರ ಸುತ್ತಲೇ ತಿರುಗುತ್ತದೆ.

ಕೊಬ್ಬಿಗೂ ಸಾವಿಗೂ ಏನು ನಂಟು

ನಮ್ಮ ಜೀನೋಮಿನಲ್ಲಿ ಪ್ರೋಟೀನಿಗೆ ನೇರ ಬರಹವಾಗುವ ಭಾಗ 2 ಪರ್ಸೆಂಟ್ ಕೂಡ ಇಲ್ಲ. ಉಳಿದದ್ದರಲ್ಲಿ ಬಹಳಷ್ಟು ಆರ್‌ಎನ್‌ಎ ಆಗಿ ನಕಲಾಗುತ್ತದೆ, ಆದರೆ ಪ್ರೋಟೀನ್ ಆಗುವುದಿಲ್ಲ. ಅದೇ ನಾನ್‌ಕೋಡಿಂಗ್ ಆರ್‌ಎನ್‌ಎ. ಅದರಲ್ಲಿ ಕೆಲವು ಸುಮ್ನೆ ಹುಟ್ಟಿ ಹೋಗುತ್ತವೆ, ಕೆಲವು ಬೇರೆ ಜೀನ್‌ಗಳ ಕೈ ಹಿಡಿದು ಎಳೆಯುತ್ತವೆ.

ಕ್ಯಾನ್ಸರ್ ಕೋಶ ಬೇಗ ಬೇಗ ಇಬ್ಭಾಗವಾಗಬೇಕು. ಪ್ರತಿ ಸಲವೂ ಹೊಸ ಪೊರೆ ಬೇಕು, ಪೊರೆ ಅಂದರೆ ಮುಖ್ಯವಾಗಿ ಕೊಬ್ಬು. ಹಾಗಾಗಿ ಅದು ಎಫ್‌ಎಎಸ್‌ಎನ್, ಎಸಿಸಿ1 ಥರದ ಕಿಣ್ವಗಳಿಂದ ಕೊಬ್ಬನ್ನು ತಾನೇ ತಯಾರಿಸುತ್ತದೆ, ಹೊರಗಿನಿಂದ ಎಳೆದುಕೊಳ್ಳುತ್ತದೆ, ಹನಿಗಳಾಗಿ ಕೂಡಿಡುತ್ತದೆ, ಬರಗಾಲ ಬಂದರೆ ಸುಡುತ್ತದೆ. ಆದರೆ ಕೊಬ್ಬು ಕೂಡಿಟ್ಟವರಿಗೆ ಒಂದು ಭಯ ಇದ್ದೇ ಇರುತ್ತದೆ. ಡಬ್ಬದಲ್ಲಿ ಮರೆತು ಬಿಟ್ಟ ಚಕ್ಕುಲಿ ಕಮಟು ಹಿಡಿಯುತ್ತದಲ್ಲ, ಹೆಚ್ಚೂಕಡಿಮೆ ಅದೇ ರಸಾಯನ ಕೋಶದ ಪೊರೆಯಲ್ಲೂ ನಡೆಯುತ್ತದೆ. ಜೋಡಿಬಂಧ ಜಾಸ್ತಿ ಇರುವ ಕೊಬ್ಬಿನಾಮ್ಲ, ಜೊತೆಗೆ ಕಬ್ಬಿಣ, ಜೊತೆಗೆ ಆಮ್ಲಜನಕ. ಪೊರೆ ಕಮಟಿ ಕಮಟಿ ಕೊನೆಗೆ ಒಡೆದು ಹೋಗುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಜೊತೆಗಾರರು 2012ರಲ್ಲಿ ಇದಕ್ಕೆ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು.

ಪಾತ್ರಧಾರಿಗಳನ್ನು ಒಮ್ಮೆ ಪರಿಚಯ ಮಾಡಿಕೊಳ್ಳಿ, ಮುಂದೆ ಪದೇ ಪದೇ ಬರುತ್ತಾರೆ. ಕಮಟಿದ ಕೊಬ್ಬನ್ನು ಸರಿಮಾಡುವ ಕಾವಲುಗಾರ ಜಿಪಿಎಕ್ಸ್4. ಅವನ ಬಂಡವಾಳ ಗ್ಲುಟಾಥಿಯೋನ್. ಆ ಬಂಡವಾಳಕ್ಕೆ ಬೇಕಾದ ಸಿಸ್ಟೀನನ್ನು ಒಳಗೆ ಬಿಡುವ ಬಾಗಿಲು ಎಸ್‌ಎಲ್‌ಸಿ7ಎ11. ಬೇಗ ಕಮಟುವ ಕೊಬ್ಬನ್ನು ಪೊರೆಗೆ ಸೇರುವ ಹಾಗೆ ಸಿದ್ಧ ಮಾಡುವವನು ಎಸಿಎಸ್‌ಎಲ್4. ಅದಕ್ಕೆ ಎದುರಾಗಿ ಎಸ್‌ಸಿಡಿ1 ಒಂದೇ ಜೋಡಿಬಂಧದ, ಸುಲಭಕ್ಕೆ ಕಮಟದ ಕೊಬ್ಬು ಮಾಡಿ ಕೋಶವನ್ನು ಕಾಯುತ್ತದೆ. ಕೊಬ್ಬರಿ ಎಣ್ಣೆ ತಿಂಗಳುಗಟ್ಟಲೆ ಚೆನ್ನಾಗಿದ್ದು, ತೆರೆದಿಟ್ಟ ಸೂರ್ಯಕಾಂತಿ ಎಣ್ಣೆ ಬೇಗ ಕೆಡುವುದಕ್ಕೂ ಇದಕ್ಕೂ ಒಂದೇ ತರ್ಕ. ಇನ್ನು ಕ್ಯಾಸ್ಪೇಸ್ ಎಂಬ ಕಿಣ್ವಗಳು ನಡೆಸುವ ಅಪಾಪ್ಟೋಸಿಸ್, ಅಂದರೆ ಕೋಶ ತನ್ನನ್ನು ತಾನೇ ಕ್ರಮವಾಗಿ ಮುಗಿಸಿಕೊಳ್ಳುವ ಸಾವು, ಹಳೆಯ ಗೆಳೆಯ, 1972ರಿಂದ ಹೆಸರಿದೆ. ಒಂದೇ ಆರ್‌ಎನ್‌ಎ ಕೊಬ್ಬಿನ ಕಿಣ್ವವನ್ನೂ ಮುಟ್ಟಿ, ಸಾವಿನ ದಾರಿಯನ್ನೂ ತಿರುಗಿಸಬಹುದು. ಈ ವಿಷಯದ ಸೆಳೆತ ಇರುವುದೇ ಅಲ್ಲಿ.

ಯಾವ ಅಳತೆಗೋಲು

ಎಷ್ಟಿದೆ, ಎಲ್ಲಿದೆ ಎಂಬ ಎರಡರ ಜೊತೆ ನಾನು ಇನ್ನು ನಾಲ್ಕನ್ನು ನೋಡುತ್ತೇನೆ. ಅದನ್ನು ಇಳಿಸಲು ಮತ್ತು ಏರಿಸಲು ನಂಬುವಂಥ ಉಪಾಯ ಇದೆಯಾ? ಇಲಿಯಲ್ಲೂ ಅದೇ ಆರ್‌ಎನ್‌ಎ ಇದೆಯಾ? ರೋಗಿಗಳ ಸಾರ್ವಜನಿಕ ದತ್ತಾಂಶದಲ್ಲಿ ಅದು ಕಾಣುತ್ತದೆಯಾ? ಈಗಾಗಲೇ ಬಂದಿರುವ ಪೇಪರ್‌ಗಳನ್ನು ಎಷ್ಟು ನಂಬಬಹುದು? ದುಡ್ಡು ಮತ್ತು ಸಮಯ ಈ ಆರರ ಒಳಗೇ ಅಡಗಿ ಕೂತಿವೆ, ಬೇರೆ ಲೆಕ್ಕ ಬೇಡ. "ಇಂಪ್ಯಾಕ್ಟ್ ಫ್ಯಾಕ್ಟರ್" ನನ್ನ ಪಟ್ಟಿಯಲ್ಲಿ ಇಲ್ಲ. ನಿಮ್ಮ ಗೈಡ್ ಪಟ್ಟಿಯಲ್ಲಿ ಇದ್ದರೆ ಅದು ನಿಮ್ಮ ಹಣೆಬರಹ.

ಮೈಕ್ರೋ ಆರ್‌ಎನ್‌ಎ: ಹಳೆಯ ದಾರಿ, ಗುಂಡಿ ಎಲ್ಲಿದೆ ಅಂತ ಗೊತ್ತು

ಸುಮಾರು 22 ಅಕ್ಷರದ ಚಿಕ್ಕ ತುಣುಕು. 1993ರಲ್ಲಿ ಒಂದು ಪುಟ್ಟ ದುಂಡುಹುಳದಲ್ಲಿ ಮೊದಲು ಸಿಕ್ಕಿತು. ಅದಕ್ಕೆ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ಕೆಲಸ ಸರಳ. ತನ್ನ ಎರಡರಿಂದ ಎಂಟನೆಯ ಅಕ್ಷರಗಳನ್ನು ಗುರಿ ಎಂಆರ್‌ಎನ್‌ಎಯ (ಪ್ರೋಟೀನಿನ ಬರಹ ಹೊತ್ತ ಆರ್‌ಎನ್‌ಎ) ಬಾಲಕ್ಕೆ ಜೋಡಿಸಿ, ಅದರಿಂದ ಪ್ರೋಟೀನ್ ಆಗುವುದನ್ನು ತಗ್ಗಿಸುತ್ತದೆ.

ನನ್ನ ಮೊದಲ ಪ್ರಶ್ನೆಗೆ ಇದು ತಲೆಯೆತ್ತಿ ಉತ್ತರ ಕೊಡುತ್ತದೆ. ಲಿವರಿನ ಮಿರ್-122 ತೆಗೆದುಕೊಳ್ಳಿ (ಮಿರ್ ಅಂದರೆ ಮೈಕ್ರೋ ಆರ್‌ಎನ್‌ಎ). ಲಿವರಿನ ಒಟ್ಟು ಮೈಕ್ರೋ ಆರ್‌ಎನ್‌ಎಯಲ್ಲಿ ಸುಮಾರು 70 ಪರ್ಸೆಂಟ್ ಅದೊಂದೇ, ಒಂದು ಕೋಶಕ್ಕೆ ಹತ್ತಾರು ಸಾವಿರ ಪ್ರತಿ. ಇಷ್ಟಿದ್ದರೆ ಕೆಲಸ ಮಾಡಲೇಬೇಕು, ಮಾಡುತ್ತದೆ ಕೂಡ. 2012ರಲ್ಲಿ ಎರಡು ಗುಂಪುಗಳು ಇಲಿಯಲ್ಲಿ ಅದನ್ನು ಪೂರ್ತಿ ತೆಗೆದು ನೋಡಿದವು. ರಕ್ತದ ಕೊಲೆಸ್ಟೆರಾಲ್ ಇಳಿಯಿತು, ಲಿವರಿನಲ್ಲಿ ಕೊಬ್ಬು ತುಂಬಿತು, ವಯಸ್ಸಾದಂತೆ ಗಡ್ಡೆ ಬಂತು. ಕೊಬ್ಬು ಮತ್ತು ಕ್ಯಾನ್ಸರ್ ಒಂದೇ ದಾರದಲ್ಲಿ ಪೋಣಿಸಿಕೊಂಡ ಇಷ್ಟು ಚೊಕ್ಕ ಉದಾಹರಣೆ ಈ ಕ್ಷೇತ್ರದಲ್ಲಿ ಜಾಸ್ತಿ ಸಿಗುವುದಿಲ್ಲ.

ಮಿರ್-33 ಇನ್ನೂ ಸೊಗಸು. ಅದು ಕೂತಿರುವುದೇ ಎಸ್‌ಆರ್‌ಇಬಿಎಫ್2 ಎಂಬ ಜೀನಿನ ಒಳಗೆ, ಅಂದರೆ ಕೊಲೆಸ್ಟೆರಾಲ್ ತಯಾರಿಯ ಯಜಮಾನನ ಮನೆಯಲ್ಲೇ. ಯಜಮಾನ ತಯಾರಿಗೆ ಆಜ್ಞೆ ಮಾಡಿದಾಗ ಇದು ಕೊಲೆಸ್ಟೆರಾಲನ್ನು ಹೊರಗೆ ಕಳಿಸುವ ಎಬಿಸಿಎ1 ಬಾಗಿಲನ್ನು ಮುಚ್ಚುತ್ತದೆ, ಕೊಬ್ಬು ಸುಡುವುದನ್ನೂ ತಗ್ಗಿಸುತ್ತದೆ. ಆದರೆ ಇಲ್ಲೊಂದು ಗುಂಡಿ ಇದೆ. ಮನುಷ್ಯರಿಗೆ ಮಿರ್-33ಎ, ಮಿರ್-33ಬಿ ಎಂದು ಎರಡು, ಇಲಿಗೆ ಒಂದೇ. ಇಲಿಯ ಫಲಿತಾಂಶವನ್ನು ಹಾಗೇ ಮನುಷ್ಯರ ಮೇಲೆ ಹೊದಿಸಲು ಆಗುವುದಿಲ್ಲ.

ಸಾವಿನ ಕಡೆ ನೋಡಿದರೆ ಮಿರ್-15ಎ ಮತ್ತು ಮಿರ್-16-1 ಜೋಡಿ. ದೀರ್ಘಕಾಲದ ಲಿಂಫೋಸೈಟಿಕ್ ರಕ್ತಕ್ಯಾನ್ಸರಿನಲ್ಲಿ 13ನೇ ಕ್ರೋಮೋಸೋಮಿನ ಒಂದು ತುಂಡು ಕಳೆದುಹೋಗುತ್ತದೆ, ಅದರಲ್ಲಿ ಇವೆರಡೂ ಇದ್ದವು ಎಂದು ಕಾರ್ಲೋ ಕ್ರೋಚೆ ಅವರ ಗುಂಪು 2002ರಲ್ಲಿ ತೋರಿಸಿತು. 2005ರಲ್ಲಿ ಗುರಿಯೂ ಸಿಕ್ಕಿತು: ಅಪಾಪ್ಟೋಸಿಸ್ ತಡೆಯುವ ಬಿಸಿಎಲ್2. ಇದೇ ರೋಗಕ್ಕೆ ಈಗ ಕೊಡುವ ವೆನಿಟೋಕ್ಲಾಕ್ಸ್ ಮಾತ್ರೆ ತಡೆಯುವುದು ಬಿಸಿಎಲ್2 ಅನ್ನೇ. ಫೆರಾಪ್ಟೋಸಿಸ್‌ನಲ್ಲಿ ನನಗೆ ಇಷ್ಟವಾದದ್ದು ಮಿರ್-522 ಕಥೆ, 2020ರದ್ದು, ಹೊಟ್ಟೆಯ ಕ್ಯಾನ್ಸರ್. ಗಡ್ಡೆಯ ನೆರೆಯಲ್ಲಿರುವ ಫೈಬ್ರೋಬ್ಲಾಸ್ಟ್ ಕೋಶಗಳು ಇದನ್ನು ಪುಟ್ಟ ಚೀಲಗಳಲ್ಲಿ ತುಂಬಿ ಕ್ಯಾನ್ಸರ್ ಕೋಶಕ್ಕೆ ರವಾನಿಸುತ್ತವೆ. ಅದು ಕೊಬ್ಬನ್ನು ಕಮಟಿಸುವ ಎಎಲ್‌ಒಎಕ್ಸ್15 ಕಿಣ್ವವನ್ನು ತಗ್ಗಿಸಿ ಕೋಶವನ್ನು ಉಳಿಸುತ್ತದೆ. ಸಿಸ್‌ಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧ ಕೊಟ್ಟಾಗ ಈ ರವಾನೆ ಇನ್ನೂ ಜಾಸ್ತಿಯಾಗುತ್ತದೆ ಎಂದೂ ಆ ಗುಂಪು ಕಂಡಿತು.

ಉಪಕರಣಗಳೂ ಅಗ್ಗ ಮತ್ತು ಸಿದ್ಧ. ಏರಿಸಲು ಮಿಮಿಕ್ (ಕೃತಕ ನಕಲು), ಇಳಿಸಲು ಇನ್ಹಿಬಿಟರ್ (ತಡೆ), ಎರಡೂ ರೆಡಿಮೇಡ್ ಸಿಗುತ್ತವೆ. ಗುರಿಯ ಬಾಲವನ್ನು ಬೆಳಕು ಬೀರುವ ಲೂಸಿಫರೇಸ್ ಕಿಣ್ವದ ಜೀನಿಗೆ ಅಂಟಿಸಿ, ಆ ಏಳಕ್ಷರವನ್ನು ಕೆಡಿಸಿ ನೋಡಿದರೆ ನೇರ ಸಂಬಂಧಕ್ಕೆ ಒಳ್ಳೆಯ ಸಾಕ್ಷಿ. ಅಮೆರಿಕದ ಟಿಸಿಜಿಎ ಭಂಡಾರದಲ್ಲಿ 33 ಬಗೆಯ ಕ್ಯಾನ್ಸರಿನ 11,000ಕ್ಕೂ ಹೆಚ್ಚು ರೋಗಿಗಳ ದತ್ತಾಂಶ ಇದೆ, ಅವರಲ್ಲಿ ಬಹುಪಾಲು ಜನರ ಮೈಕ್ರೋ ಆರ್‌ಎನ್‌ಎ ಲೆಕ್ಕ ಉಚಿತವಾಗಿ ಸಿಗುತ್ತದೆ.

ತೊಂದರೆ ಏನು ಗೊತ್ತಾ? ಮಿಮಿಕ್ ಹಾಕಿದಾಗ ಕೋಶದೊಳಗೆ ಅದು ಸಹಜಕ್ಕಿಂತ ಸಾವಿರಾರು ಪಟ್ಟು ತುಂಬಿಕೊಳ್ಳಬಹುದು. ಅಷ್ಟು ತುಂಬಿದರೆ ಗುರಿಯಲ್ಲದವೂ ಕುಸಿಯುತ್ತವೆ. ಇಲ್ಲಿ ಎಷ್ಟಿದೆ ಎಂಬ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು: ನೀವು ಹಾಕಿದ್ದು ಎಷ್ಟು? ಇನ್ಹಿಬಿಟರ್ ಹಾಕಿದಾಗ ಉಲ್ಟಾ ಫಲಿತಾಂಶ ಬಂದರೆ ಮಾತ್ರ ನಂಬಿ. ಇನ್ನೊಂದು, ಒಂದೊಂದು ಮೈಕ್ರೋ ಆರ್‌ಎನ್‌ಎಗೂ ನೂರಾರು ಗುರಿ. ಪ್ರಯೋಗಾಲಯದಲ್ಲಿ ಅದು ನಮಗೆ ಅನುಕೂಲ, ರೋಗಿಯ ಮೈಯಲ್ಲಿ ಅಲ್ಲ. ಮಿರ್-34ಎಯ ನಕಲಾದ ಎಂಆರ್‌ಎಕ್ಸ್34 ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷೆಗೆ ಬಂದ ಮೊದಲ ಮೈಕ್ರೋ ಆರ್‌ಎನ್‌ಎ ಮಿಮಿಕ್. ಪ್ರತಿರೋಧ ವ್ಯವಸ್ಥೆ ಕೆರಳಿ ಕೆಲವು ರೋಗಿಗಳು ತೀರಿಕೊಂಡರು, 2016ರಲ್ಲಿ ಪರೀಕ್ಷೆ ನಿಂತಿತು. "ಇದು ನಾಳೆಯ ಔಷಧ" ಎಂದು ಸಿನಾಪ್ಸಿಸ್‌ನಲ್ಲಿ ಬರೆಯುವ ಮುಂಚೆ ಇದನ್ನು ನೆನಪಿಡಿ.

ಉದ್ದದ ಆರ್‌ಎನ್‌ಎ: ಕಥೆ ದೊಡ್ಡದು, ತಾಳ್ಮೆಯೂ ಅಷ್ಟೇ ಬೇಕು

ಲ್ಯಾಬಿನಲ್ಲಿ ಎಲ್‌ಎನ್‌ಸಿ ಅನ್ನುವುದು ಇದನ್ನೇ. 200 ಅಕ್ಷರಕ್ಕಿಂತ ಉದ್ದ ಇದ್ದರೆ ಸಾಕು ಎಂದು ಬಹಳ ಕಾಲ ಹೇಳಿದರು, 2023ರಲ್ಲಿ ತಜ್ಞರ ಒಂದು ದೊಡ್ಡ ಗುಂಪು ಆ ಗೆರೆಯನ್ನು 500ಕ್ಕೆ ಸರಿಸೋಣ ಎಂದಿತು. ಗೆರೆಯೇ ಜಾರುತ್ತಿದೆ ಅಂದಮೇಲೆ ಒಳಗಿರುವವು ಒಂದೇ ಜಾತಿಯವಲ್ಲ ಎಂದು ಗೊತ್ತಾಯಿತಲ್ಲ. ಒಂದು ಕ್ರೊಮ್ಯಾಟಿನ್ (ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ) ಹಿಡಿಯುತ್ತದೆ, ಒಂದು ಪ್ರೋಟೀನನ್ನು ತಡೆದಿಟ್ಟುಕೊಳ್ಳುತ್ತದೆ, ಇನ್ನೊಂದು ಕೇವಲ ಪಕ್ಕದ ಜೀನನ್ನು ಎಬ್ಬಿಸುತ್ತದೆ.

ಇಲ್ಲಿ ಎಲ್ಲಿದೆ ಎಂಬ ಪ್ರಶ್ನೆಯೇ ಎಲ್ಲವನ್ನೂ ತೀರ್ಮಾನ ಮಾಡುತ್ತದೆ. ಶ್ವಾಸಕೋಶದ ಕ್ಯಾನ್ಸರಿನಲ್ಲಿ 2018ರಲ್ಲಿ ವರದಿಯಾದ ಪಿ53ಆರ್‌ಆರ್‌ಎ ನೋಡಿ. ಅದು ನ್ಯೂಕ್ಲಿಯಸ್ಸಿನ ಹೊರಗೆ ಇರುತ್ತದೆ. ಅಲ್ಲಿ ಜಿ3ಬಿಪಿ1 ಎಂಬ ಪ್ರೋಟೀನ್ ಗಡ್ಡೆ ತಡೆಯುವ ಪ್ರೋಟೀನಾದ ಪಿ53 ಅನ್ನು ಹಿಡಿದು ಕೂತಿರುತ್ತದೆ. ಈ ಆರ್‌ಎನ್‌ಎ ಬಂದು ಜಿ3ಬಿಪಿ1ಗೆ ಅಂಟಿಕೊಂಡಾಗ ಪಿ53 ಬಿಡುಗಡೆಯಾಗಿ ನ್ಯೂಕ್ಲಿಯಸ್ಸಿನಲ್ಲಿ ಉಳಿಯುತ್ತದೆ. ಆಮೇಲೆ ಅಪಾಪ್ಟೋಸಿಸ್ಸೂ ಫೆರಾಪ್ಟೋಸಿಸ್ಸೂ ಎರಡೂ ಶುರು. ಜಾಗ ಗೊತ್ತಿದ್ದದ್ದರಿಂದಲೇ ಈ ಕಥೆಗೆ ಅರ್ಥ ಬಂತು. ಮರುವರ್ಷ ಅದೇ ಕ್ಯಾನ್ಸರಿನಲ್ಲಿ ವರದಿಯಾದ ಲಿಂಕ್00336 ನ್ಯೂಕ್ಲಿಯಸ್ಸಿನೊಳಗೆ ಇದ್ದು, ಕೋಶವನ್ನು ಫೆರಾಪ್ಟೋಸಿಸ್‌ನಿಂದ ಕಾಯುತ್ತದೆ. ಒಂದೇ ಅಂಗ, ಒಂದೇ ಸಾವು, ಎರಡು ಆರ್‌ಎನ್‌ಎ, ಎರಡು ಕಡೆ, ತದ್ವಿರುದ್ಧ ಪರಿಣಾಮ.

ಕೊಬ್ಬಿನ ಕಡೆ ಲಿವರ್ ಕ್ಯಾನ್ಸರಿನ ಹಲ್ಕ್ ಎಂಬ ಎಲ್‌ಎನ್‌ಸಿ ಬಗ್ಗೆ ಹೇಳಲೇಬೇಕು. ಹೆಸರು ಕೇಳಿ ಹಸಿರು ದೈತ್ಯ ಅಂದುಕೊಳ್ಳಬೇಡಿ, ಇದು 500 ಅಕ್ಷರದ ಆಸುಪಾಸಿನ ಪುಟ್ಟದು. 2015ರ ಕೆಲಸದ ಪ್ರಕಾರ ಅದು ಮಿರ್-9ರ ಬಾಗಿಲಿಗೆ ಮಿಥೈಲ್ ಬೀಗ ಹಾಕಿಸುತ್ತದೆ. ಮಿರ್-9 ಇಳಿದಾಗ ಕೊಬ್ಬಿನ ಜೀನ್‌ಗಳನ್ನು ಎಬ್ಬಿಸುವ ಪಿಪಿಎಆರ್-ಆಲ್ಫಾ ಏರುತ್ತದೆ, ಅದು ಎಸಿಎಸ್‌ಎಲ್1 ಕಿಣ್ವವನ್ನು ಏರಿಸುತ್ತದೆ, ಕೋಶದಲ್ಲಿ ಕೊಬ್ಬು, ಕೊಲೆಸ್ಟೆರಾಲ್ ತುಂಬುತ್ತವೆ. ಆ ಕೊಲೆಸ್ಟೆರಾಲ್ ತಿರುಗಿ ಹಲ್ಕ್ ಜೀನನ್ನೇ ಇನ್ನಷ್ಟು ಎಬ್ಬಿಸುತ್ತದೆ. ಬಡ್ಡಿ ಮೇಲೆ ಬಡ್ಡಿ ಬೆಳೆದ ಹಾಗೆ. ಆದರೆ ಹಲ್ಕ್ ಮನುಷ್ಯ, ಮಂಗಗಳ ಗುಂಪಿನಲ್ಲಿ ಮಾತ್ರ ಇದೆ. ಇಲಿಯಲ್ಲಿ ಇಲ್ಲ. ಜೀನ್ ತೆಗೆದ ಇಲಿ ಮಾಡುತ್ತೇನೆ ಎಂದು ಅರ್ಜಿಯಲ್ಲಿ ಬರೆದರೆ ನಗುತ್ತಾರೆ. ಮನುಷ್ಯರ ಕೋಶವನ್ನು ಇಲಿಯೊಳಗೆ ಬೆಳೆಸುವುದೇ ಸುಲಭದ ದಾರಿ.

ಇಲಿ ಇದ್ದರೂ ನೆಮ್ಮದಿ ಇಲ್ಲ. ಮ್ಯಾಲಾಟ್1 ಎಂಬುದು ತುಂಬಾ ಹೇರಳ, ಇಲಿಯಲ್ಲೂ ಇದೆ, ಕ್ಯಾನ್ಸರ್ ಪೇಪರ್‌ಗಳಲ್ಲಿ ರಾರಾಜಿಸುತ್ತದೆ. 2012ರಲ್ಲಿ ಮೂರು ಬೇರೆ ಬೇರೆ ಗುಂಪುಗಳು ಅದನ್ನು ತೆಗೆದು ನೋಡಿದರೆ ಇಲಿಗಳು ಆರಾಮಾಗಿ ಓಡಾಡಿಕೊಂಡಿದ್ದವು. ಸ್ತನ ಕ್ಯಾನ್ಸರ್ ಹರಡುವುದಕ್ಕೆ ಅದು ಸಹಾಯ ಮಾಡುತ್ತದೆ ಎಂದು 2016ರಲ್ಲಿ ಒಂದು ಗುಂಪು, ತಡೆಯುತ್ತದೆ ಎಂದು 2018ರಲ್ಲಿ ಇನ್ನೊಂದು. ಇಬ್ಬರೂ ಇಲಿಯಲ್ಲೇ ತೋರಿಸಿದವರು. ನಾನು ಯಾರದ್ದೂ ತಪ್ಪು ಅನ್ನುವುದಿಲ್ಲ. ಜೀನ್ ಕತ್ತರಿಸುವುದು, ಆರ್‌ಎನ್‌ಎ ಕರಗಿಸುವುದು, ಮಧ್ಯೆ ತಡೆ ಇಡುವುದು, ಇವೆಲ್ಲ ಬೇರೆ ಬೇರೆ ಕೆಲಸ, ಬೇರೆ ಬೇರೆ ಉತ್ತರ ಕೊಡುತ್ತವೆ.

ಹಾಗಾಗಿ ಇಳಿಸುವ ಉಪಾಯವನ್ನು ಜಾಗ ನೋಡಿ ಆರಿಸಿ. ಹೊರಗಿದ್ದರೆ ಎಸ್‌ಐಆರ್‌ಎನ್‌ಎ (ಗುರಿ ಆರ್‌ಎನ್‌ಎಯನ್ನು ಕತ್ತರಿಸಿಹಾಕಿಸುವ ಚಿಕ್ಕ ಜೋಡಿ ಎಳೆ) ಸಾಕು. ನ್ಯೂಕ್ಲಿಯಸ್ಸಿನಲ್ಲಿದ್ದರೆ ಗುರಿಗೆ ಅಂಟಿಕೊಳ್ಳುವ ಗ್ಯಾಪ್‌ಮರ್ ತುಣುಕು ವಾಸಿ, ಅದು ಅಂಟಿದ ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನೇಸ್ ಎಚ್ ಕಿಣ್ವ ಅಲ್ಲೂ ಕೆಲಸ ಮಾಡುತ್ತದೆ. ನಕಲಾಗುವುದನ್ನೇ ತಡೆಯಬೇಕಾದರೆ ಡಿಎನ್‌ಎ ಕತ್ತರಿಸದೆ ಜೀನನ್ನು ಮಲಗಿಸುವ ಕ್ರಿಸ್ಪರ್‌ಐ, ಆದರೆ ಪಕ್ಕದ ಜೀನಿನ ಪ್ರಮೋಟರ್ (ನಕಲು ಶುರುವಾಗುವ ಜಾಗ) ಹತ್ತಿರ ಇದ್ದರೆ ಆ ಜೀನೂ ಮಲಗಿಬಿಡುತ್ತದೆ. ನಾನು ಆ ಹದಿನಾಲ್ಕು ತಿಂಗಳಲ್ಲಿ ನ್ಯೂಕ್ಲಿಯಸ್ಸಿನ ಆರ್‌ಎನ್‌ಎಗೆ ಎಸ್‌ಐಆರ್‌ಎನ್‌ಎ ಸುರಿಯುತ್ತಾ ಕೂತಿದ್ದೆ.

ಒಂದು ಅಂಕಿ ಮಾತ್ರ ಗೋಡೆಗೆ ಬರೆದು ಅಂಟಿಸಿ. 2017ರಲ್ಲಿ ಕ್ರಿಸ್ಪರ್‌ಐ ಬಳಸಿ 16,401 ಎಲ್‌ಎನ್‌ಸಿ ಜಾಗಗಳನ್ನು ಏಳು ಬಗೆಯ ಕೋಶಗಳಲ್ಲಿ ಪರೀಕ್ಷಿಸಿದರು. ಕೋಶದ ಬೆಳವಣಿಗೆಗೆ ಬೇಕೇಬೇಕು ಅನ್ನಿಸಿದ್ದು 499. ಅದರಲ್ಲಿ 89 ಪರ್ಸೆಂಟ್ ಒಂದೇ ಬಗೆಯ ಕೋಶದಲ್ಲಿ ಮಾತ್ರ ಮುಖ್ಯ. ಅಂದರೆ ಹೆಪ್‌ಜಿ2 ಎಂಬ ಲಿವರ್ ಕ್ಯಾನ್ಸರ್ ಕೋಶದಲ್ಲಿ ಕಂಡದ್ದು ಹುಹ್7 ಎಂಬ ಇನ್ನೊಂದು ಲಿವರ್ ಕ್ಯಾನ್ಸರ್ ಕೋಶದಲ್ಲಿ ಕಾಣದೆ ಇದ್ದರೆ ಗಾಬರಿ ಬೇಡ. ಔಷಧದ ದೃಷ್ಟಿಯಿಂದ ಇದೇ ಆಕರ್ಷಣೆ, ಬೇರೆ ಅಂಗಕ್ಕೆ ಏಟು ಬೀಳುವ ಸಾಧ್ಯತೆ ಕಡಿಮೆ. ಥೀಸಿಸ್ ದೃಷ್ಟಿಯಿಂದ ಇದೇ ತಲೆನೋವು.

ಉಂಗುರದ ಆರ್‌ಎನ್‌ಎ: ಗಟ್ಟಿ, ಆದರೆ ಕಡಿಮೆ

ಎಂಆರ್‌ಎನ್‌ಎ ಜೋಡಣೆಯಾಗುವಾಗ ಬಾಲ ಹಿಂತಿರುಗಿ ತಲೆಗೆ ಬೆಸೆದುಕೊಂಡರೆ ಸರ್ಕ್ ಆರ್‌ಎನ್‌ಎ. ತುದಿಯೇ ಇಲ್ಲದ್ದರಿಂದ ತುದಿ ಕೊರೆಯುವ ಕಿಣ್ವಗಳಿಗೆ ಹಿಡಿತ ಸಿಗುವುದಿಲ್ಲ. ಎಷ್ಟೋ ಉಂಗುರಗಳು 48 ಗಂಟೆ ದಾಟಿಯೂ ಉಳಿಯುತ್ತವೆ. ರಕ್ತದಲ್ಲಿ ಗುರುತು ಹುಡುಕುವವರಿಗೆ ಇದು ಹಬ್ಬ.

2013ರಲ್ಲಿ ಸಿಐಆರ್‌ಎಸ್-7 ಎಂಬ ಉಂಗುರದಲ್ಲಿ ಮಿರ್-7ಕ್ಕೆ 70ಕ್ಕೂ ಹೆಚ್ಚು ಕೂರುವ ಜಾಗ ಸಿಕ್ಕಾಗ ಉಂಗುರಗಳಿಗೂ "ಸ್ಪಂಜು" ಎಂಬ ಪದ ಅಂಟಿಕೊಂಡಿತು. ಆಮೇಲೆ ಎಲ್ಲರ ಉಂಗುರವೂ ಸ್ಪಂಜೇ. ಎ ಎಂಬ ಉಂಗುರ ಬಿ ಎಂಬ ಮೈಕ್ರೋ ಆರ್‌ಎನ್‌ಎಯನ್ನು ಹೀರಿ ಜಿಪಿಎಕ್ಸ್4 ಅನ್ನು ಏರಿಸುತ್ತದೆ. ಹೆಸರು ಬದಲಾಯಿಸಿದರೆ ಇನ್ನೊಂದು ಪೇಪರ್. ಇಲ್ಲಿ ನನ್ನ ಎಷ್ಟಿದೆ ಪ್ರಶ್ನೆ ಚುಚ್ಚುತ್ತದೆ. ಮಾರ್ಕುಸ್ ಸ್ಟೋಫೆಲ್ ಅವರ ಗುಂಪು 2014ರಲ್ಲಿ ಲಿವರ್ ಕೋಶದಲ್ಲಿ ಮಿರ್-122 ಇಟ್ಟುಕೊಂಡೇ ಲೆಕ್ಕ ಮಾಡಿತು. ಗುರಿಗಳು ನಿಜಕ್ಕೂ ಬಿಡುಗಡೆಯಾಗಬೇಕಾದರೆ ಒಂದು ಕೋಶಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಜಾಗ ಬೇಕಾಯಿತು. ನಿಮ್ಮ ಉಂಗುರ ಕೋಶಕ್ಕೆ ಐದು ಪ್ರತಿ, ಪ್ರತಿಗೆ ಎರಡು ಜಾಗ. ಗುಣಿಸಿ ನೋಡಿ. ಕೆರೆಯ ನೀರು ಹೀರಲು ಕರ್ಚೀಫು ಹಿಡಿದು ಹೋದ ಹಾಗೆ. ಕಡಿಮೆ ಇರುವ ಮೈಕ್ರೋ ಆರ್‌ಎನ್‌ಎಗೆ ಅಷ್ಟು ಬೇಡದೆ ಇರಬಹುದು, ನಿಜ. ಆದರೆ ಆಗ ಆ ಮೈಕ್ರೋ ಆರ್‌ಎನ್‌ಎಯೇ ಏನು ಕಿಸಿಯುತ್ತಿತ್ತು ಎಂದು ಕೇಳಬೇಕಾಗುತ್ತದೆ.

ಎಲ್ಲಿದೆ ಎಂಬುದೂ ಇಲ್ಲಿ ಕೈಕೊಟ್ಟಿದೆ. ಅದೇ ಸಿಐಆರ್‌ಎಸ್-7 ಕರುಳಿನ ಕ್ಯಾನ್ಸರಿನಲ್ಲಿ ದುಷ್ಟ ಎಂದು ಎಷ್ಟೋ ಪೇಪರ್ ಬಂದವು. 2020ರಲ್ಲಿ ಅಂಗಾಂಶದ ತೆಳು ಪದರದ ಮೇಲೆ ನೋಡಿದರೆ ಅದು ಕ್ಯಾನ್ಸರ್ ಕೋಶದಲ್ಲಿ ಇರಲೇ ಇಲ್ಲ, ಸುತ್ತಲಿನ ಸ್ಟ್ರೋಮಾ ಕೋಶಗಳಲ್ಲಿತ್ತು.

ಹಾಗಂತ ಉಂಗುರವೆಲ್ಲ ಸುಳ್ಳಲ್ಲ. ನನಗೆ ನಂಬಿಕೆ ಬರುವುದು ಪ್ರೋಟೀನ್ ಹಿಡಿಯುವ ಉಂಗುರಗಳ ಮೇಲೆ. 2019ರಲ್ಲಿ ವರದಿಯಾದ ಸರ್ಕ್‌ಎಸಿಸಿ1 ತಮಾಷೆಯದು. ಕೊಬ್ಬು ತಯಾರಿಸುವ ಎಸಿಸಿ1 ಜೀನಿನಿಂದಲೇ ಹುಟ್ಟುತ್ತದೆ. ಸೀರಂ ಇಲ್ಲದೆ ಕೋಶ ಹಸಿದಾಗ ಏರುತ್ತದೆ, ಕೋಶದಲ್ಲಿ ಶಕ್ತಿ ಕಡಿಮೆಯಾದಾಗ ಎಚ್ಚರಾಗುವ ಎಎಂಪಿಕೆ ಕಿಣ್ವದ ತುಂಡುಗಳನ್ನು ಒಟ್ಟಿಗೆ ಹಿಡಿದು ಗಟ್ಟಿ ಮಾಡುತ್ತದೆ, ಕೊಬ್ಬು ಸುಡುವುದನ್ನು ಎಬ್ಬಿಸುತ್ತದೆ. ತಯಾರಿಸುವ ಮನೆಯ ಮಗ ಸುಡುವ ಕೆಲಸಕ್ಕೆ ಸೇರಿಕೊಂಡ ಹಾಗೆ. ಲಿವರ್ ಕ್ಯಾನ್ಸರಿನ ಸಿಐಎಆರ್‌ಎಸ್ ಎಂಬ ಇನ್ನೊಂದು ಉಂಗುರ ಎಎಲ್‌ಕೆಬಿಎಚ್5 ಪ್ರೋಟೀನನ್ನು ಹಿಡಿದು, ಸೊರಾಫೆನಿಬ್ ಎಂಬ ಔಷಧ ಕೊಟ್ಟಾಗ ಫೆರಾಪ್ಟೋಸಿಸ್‌ಗೆ ನೆರವಾಗುತ್ತದೆ ಎಂಬ ವರದಿ ಇದೆ. ಆದರೆ ಸೊರಾಫೆನಿಬ್ ಬಹಳ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಫೆರಾಪ್ಟೋಸಿಸ್ ಮಾಡುವುದೇ ಇಲ್ಲ ಎಂದು 2021ರಲ್ಲಿ ತೋರಿಸಿದ್ದಾರೆ. ಅಡಿಪಾಯದ ಕಲ್ಲೇ ಅಲ್ಲಾಡುವ ಕಡೆ ಮಹಡಿ ಕಟ್ಟಬೇಕಾ, ನೀವೇ ಯೋಚಿಸಿ.

ಕೆಲಸವೂ ಬಿಕ್ಕಟ್ಟಿನದು. ಉಂಗುರವನ್ನು ಅದರ ಅಪ್ಪ ಎಂಆರ್‌ಎನ್‌ಎಯಿಂದ ಬೇರೆ ಮಾಡುವುದು ಬೆಸುಗೆಯ ಜಾಗ ಒಂದೇ. ಎಸ್‌ಐಆರ್‌ಎನ್‌ಎ ವಿನ್ಯಾಸಕ್ಕೆ ಸುಮಾರು ಇಪ್ಪತ್ತಕ್ಷರದ ಕಿಟಕಿ ಮಾತ್ರ. ಆರ್‌ಎನ್‌ಎ ಕತ್ತರಿಸುವ ಕ್ಯಾಸ್13 ಬಂದಮೇಲೆ ಸ್ವಲ್ಪ ಸುಲಭವಾಗಿದೆ. ಪ್ರೈಮರ್‌ಗಳು ಬೆನ್ನುಬೆನ್ನಿಗೆ ನಿಲ್ಲಬೇಕು, ಆರ್‌ಎನೇಸ್ ಆರ್ ಹಾಕಿ ನೇರ ಆರ್‌ಎನ್‌ಎ ತೊಳೆಯಬೇಕು, ಬೆಸುಗೆಯನ್ನು ಸೀಕ್ವೆನ್ಸ್ ಮಾಡಬೇಕು. ಪಾಲಿ-ಎ ಬಾಲ ಇಲ್ಲದ್ದರಿಂದ ಟಿಸಿಜಿಎಯ ಸಾಮಾನ್ಯ ಆರ್‌ಎನ್‌ಎ ದತ್ತಾಂಶದಲ್ಲಿ ಸರಿಯಾಗಿ ಕಾಣುವುದಿಲ್ಲ. ಮಿಶಿಗನ್ ತಂಡ 2019ರಲ್ಲಿ ತೆರೆದ ಮಿಆಂಕೋಸರ್ಕ್ ಸಂಗ್ರಹದಲ್ಲಿ 2,000ಕ್ಕೂ ಹೆಚ್ಚು ಮಾದರಿ ಇವೆ, ಅಲ್ಲಿ ಹುಡುಕಬಹುದು.

ಸ್ನೋ ಆರ್‌ಎನ್‌ಎ, ಪೈ ಆರ್‌ಎನ್‌ಎ, ಟಿಆರ್‌ಎನ್‌ಎ ತುಣುಕು ಎಂದು ಇನ್ನೂ ಇವೆ, ಹೊಸಬರಿಗೆ ನಾನು ಹೇಳುವುದಿಲ್ಲ. ಒಂದನ್ನು ಮಾತ್ರ ಓದಿ ಇಟ್ಟುಕೊಳ್ಳಿ. ಆರ್‌ಪಿಎಲ್13ಎ ಜೀನಿನೊಳಗಿನ ಮೂರು ಸ್ನೋ ಆರ್‌ಎನ್‌ಎಗಳು ಇಲ್ಲದಿದ್ದರೆ, ಪಾಮಿಟೇಟ್ ಕೊಬ್ಬು ಸುರಿದರೂ ಕೋಶ ಸುಲಭಕ್ಕೆ ಸಾಯುವುದಿಲ್ಲ ಎಂದು 2011ರಲ್ಲೇ ಬಂದಿದೆ. ಕ್ಯಾನ್ಸರಿನದ್ದಲ್ಲ, ಹ್ಯಾಮ್ಸ್ಟರ್ ಕೋಶದ್ದು. ಆದರೂ ಕೊಬ್ಬು, ಆರ್‌ಎನ್‌ಎ, ಸಾವು ಮೂರನ್ನೂ ಅಷ್ಟು ನೇರವಾಗಿ ಕಟ್ಟಿದ್ದು ಅಪರೂಪ.

ಯಾವುದನ್ನೇ ಆರಿಸಿದರೂ ತಪ್ಪದ ಖರ್ಚು

ಕೋಶ ಸತ್ತಿತು ಅಂದರೆ ಸಾಲದು, ಹೇಗೆ ಸತ್ತಿತು ಎಂದು ತೋರಿಸಬೇಕು. ಫೆರಾಪ್ಟೋಸಿಸ್ ತಡೆಯುವ ಫೆರೋಸ್ಟ್ಯಾಟಿನ್-1 ಅಥವಾ ಕಬ್ಬಿಣ ಹಿಡಿಯುವ ಡಿಫೆರಾಕ್ಸಮಿನ್ ಹಾಕಿದರೆ ಬದುಕಬೇಕು, ಕ್ಯಾಸ್ಪೇಸ್ ತಡೆಯುವ ಝಡ್-ವ್ಯಾಡ್ ಹಾಕಿದರೆ ಬದುಕಬಾರದು. ಈ ಎರಡಿಲ್ಲದೆ ಫೆರಾಪ್ಟೋಸಿಸ್ ಎಂಬ ಪದ ಬರೆಯಬೇಡಿ. ಕಮಟಿದ ಕೊಬ್ಬಿನಿಂದ ಹುಟ್ಟುವ ವಸ್ತುವನ್ನು ಅಳೆಯುವ ಎಂಡಿಎ ಕಿಟ್ ಅಗ್ಗ, ಆದರೆ ಒರಟು. ಸಿ11-ಬಾಡಿಪಿ ಬಣ್ಣ ಹಾಕಿ ಫ್ಲೋ ಸೈಟೋಮೀಟರಿನಲ್ಲಿ ನೋಡಿದರೆ ವಾಸಿ. ಬಾಡಿಪಿ 493/503 ಬೇರೆ, ಅದು ಕೊಬ್ಬಿನ ಹನಿ ತೋರಿಸುತ್ತದೆ, ಕಮಟನ್ನಲ್ಲ. ಇವೆರಡನ್ನು ಅದಲುಬದಲು ಆರ್ಡರ್ ಮಾಡಿ ಅತ್ತವರನ್ನು ನೋಡಿದ್ದೇನೆ. ಯಾವ ಕೊಬ್ಬು ಬದಲಾಯಿತು ಎಂದು ನಿಖರವಾಗಿ ಬೇಕಾದರೆ ಮಾಸ್ ಸ್ಪೆಕ್ ಲಿಪಿಡೋಮಿಕ್ಸ್, ಅದಕ್ಕೆ ಗ್ರಾಂಟ್ ಬೇಕು. ನಿಮ್ಮಲ್ಲಿ ಯಂತ್ರ ಇಲ್ಲದಿದ್ದರೆ ಬೆಂಗಳೂರಿನ ಸಿ-ಕ್ಯಾಂಪ್ ಥರದ ಹಂಚಿಕೆಯ ಸೌಲಭ್ಯಗಳನ್ನು ವಿಚಾರಿಸಿ.

ಕೋಶ ಸಾಕುವ ವಿಧಾನವೂ ಫಲಿತಾಂಶ ತಿರುಗಿಸುತ್ತದೆ. ಒತ್ತೊತ್ತಾಗಿ ಬೆಳೆದ ಎಷ್ಟೋ ಬಗೆಯ ಕೋಶ ಫೆರಾಪ್ಟೋಸಿಸ್‌ಗೆ ಜಗ್ಗುವುದಿಲ್ಲ. ಮೀಡಿಯಂನಲ್ಲಿ ಬೀಟಾ-ಮರ್ಕ್ಯಾಪ್ಟೋಎಥನಾಲ್ ಇದ್ದರೆ ಫೆರಾಪ್ಟೋಸಿಸ್ ಎಬ್ಬಿಸುವ ಎರಾಸ್ಟಿನ್ ಹಾಕಿದ್ದೂ ವ್ಯರ್ಥ. ಸೀರಂ ಬ್ಯಾಚ್ ಬದಲಾದರೆ ಸೆಲೆನಿಯಂ ಬದಲಾಗಿ ಜಿಪಿಎಕ್ಸ್4 ಮಟ್ಟವೇ ಬದಲಾಗಬಹುದು. ನನ್ನ "ಒಂದು ವಾರ ಸಾವು, ಒಂದು ವಾರ ಇಲ್ಲ" ಕಥೆಗೆ ಅರ್ಧ ಕಾರಣ ಇದೇ ಇತ್ತು.

ಹಳೆಯ ಪೇಪರಿನ ಸೀಕ್ವೆನ್ಸನ್ನು ಕಣ್ಣುಮುಚ್ಚಿ ಆರ್ಡರ್ ಮಾಡಬೇಡಿ. ಸಿಡ್ನಿ ವಿಶ್ವವಿದ್ಯಾಲಯದ ಜೆನಿಫರ್ ಬರ್ನ್ ಅವರು ಜೀನ್ ಇಳಿಸುವ ಪೇಪರ್‌ಗಳಲ್ಲಿ ತಪ್ಪು ಸೀಕ್ವೆನ್ಸ್‌ಗಳನ್ನು ಹುಡುಕಿ ಹುಡುಕಿ ತೆಗೆದಿದ್ದಾರೆ. ನಾನ್‌ಕೋಡಿಂಗ್ ಮತ್ತು ಕ್ಯಾನ್ಸರ್ ಎಂಬ ಎರಡು ಪದ ಒಟ್ಟಿಗೆ ಬರುವ ಕಡೆ ದುಡ್ಡಿಗೆ ಸುಳ್ಳು ಸಂಶೋಧನೆ ಬರೆದುಕೊಡುವ ಪೇಪರ್ ಕಾರ್ಖಾನೆಗಳ ಕಾಟ ಜಾಸ್ತಿ. ಸೀಕ್ವೆನ್ಸ್ ಯಾವ ಜೀನಿನದ್ದು ಎಂದು ಹುಡುಕುವ ಬ್ಲಾಸ್ಟ್ ಅನ್ನು ಎರಡು ನಿಮಿಷ ಮಾಡಿದರೆ ಎರಡು ತಿಂಗಳು ಉಳಿಯುತ್ತದೆ.

ಈಗ, ನಿಮ್ಮ ಪಾಡಿಗೆ

ಎಂಎಸ್ಸಿಯ ಆರು ತಿಂಗಳು ಮಾತ್ರ ಕೈಯಲ್ಲಿದ್ದರೆ ಮೈಕ್ರೋ ಆರ್‌ಎನ್‌ಎ, ಎರಡನೇ ಯೋಚನೆ ಬೇಡ. ಅದೂ ಗೊತ್ತಿರುವ ಒಂದು ಮಿರ್, ಗೊತ್ತಿರುವ ಒಂದು ಗುರಿ, ಹೊಸ ಒಂದು ಪ್ರಶ್ನೆ. ಮಿರ್-33 ಇಳಿಸಿದರೆ ನಿಮ್ಮ ಕೋಶ ಎರಾಸ್ಟಿನ್‌ಗೆ ಬೇಗ ಸಾಯುತ್ತದಾ, ನಿಧಾನವಾಗುತ್ತದಾ? ಇಷ್ಟು ಕೇಳಿದರೂ ಆರು ತಿಂಗಳು ತುಂಬಿ ಹೋಗುತ್ತದೆ.

ಪಿಎಚ್‌ಡಿಯ ಐದು ವರ್ಷ ಇದ್ದು, ಗೈಡ್‌ಗೆ ಗ್ರಾಂಟ್ ಇದ್ದು, ಲ್ಯಾಬಿನಲ್ಲಿ ಕ್ರಿಸ್ಪರ್ ಮಾಡುವ ಕೈ ಇದ್ದರೆ ಉದ್ದದ ಆರ್‌ಎನ್‌ಎಗೆ ಹೋಗಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಯೋಚಿಸಿ. ಮೂರು ಪಟ್ಟು ಕಷ್ಟ ಇದೆ, ಆದರೆ ಪಿ53ಆರ್‌ಆರ್‌ಎ ಥರದ ಒಂದು ಕಾರ್ಯವಿಧಾನ ಸಿಕ್ಕರೆ ಅದು ನಿಮ್ಮದಾಗಿ ಉಳಿಯುತ್ತದೆ. ನನ್ನ ಒಲವು ಇದರ ಕಡೆಗೇ, ಸುಟ್ಟುಕೊಂಡ ಮೇಲೂ.

ನೀವು ಆಸ್ಪತ್ರೆಯಲ್ಲಿದ್ದು, ರೋಗಿಗಳ ರಕ್ತ ಮತ್ತು ಗಡ್ಡೆಯ ಮಾದರಿ ನೈತಿಕ ಸಮಿತಿಯ ಒಪ್ಪಿಗೆಯೊಂದಿಗೆ ಸಿಗುವುದಾದರೆ ಉಂಗುರಕ್ಕೆ ಒಂದು ಅವಕಾಶ ಕೊಡಿ. ಗುರುತಿಗೆ ಅದು ಏನು ಮಾಡುತ್ತದೆ ಎಂದು ಗೊತ್ತಿರಬೇಕಾಗಿಲ್ಲ, ಗಟ್ಟಿಯಾಗಿ ಉಳಿದರೆ ಸಾಕು. ಸ್ಪಂಜಿನ ಕಥೆ ಸೇರಿಸಲೇಬೇಡಿ. ಬರೀ ಕಂಪ್ಯೂಟರ್ ಇರುವವರು ಟಿಸಿಜಿಎಯಲ್ಲಿ ಮೈಕ್ರೋ ಆರ್‌ಎನ್‌ಎ ಮತ್ತು ಎಲ್‌ಎನ್‌ಸಿ ಎರಡನ್ನೂ ನೋಡಬಹುದು. "ಫೆರಾಪ್ಟೋಸಿಸ್ ಸಂಬಂಧಿ ಹತ್ತು ಎಲ್‌ಎನ್‌ಸಿಗಳ ಅಪಾಯದ ಅಂಕ" ಎಂಬ ಇನ್ನೊಂದು ಪೇಪರ್ ಮಾತ್ರ ದಯವಿಟ್ಟು ಬೇಡ. ಅದರ ಬದಲು ಯಾವ ಎಲ್‌ಎನ್‌ಸಿ ನಿಜಕ್ಕೂ ಕ್ಯಾನ್ಸರ್ ಕೋಶದಲ್ಲಿದೆ, ಯಾವುದು ನೆರೆಯವರದ್ದು ಎಂದು ಒಂಟಿ ಕೋಶದ ದತ್ತಾಂಶದಲ್ಲಿ ಬೇರ್ಪಡಿಸಿ ಕೊಡಿ, ನಾವೆಲ್ಲ ಕೈಮುಗಿಯುತ್ತೇವೆ.

ಮೊದಲ ವಾರದ ಕೆಲಸ ಎಲ್ಲರಿಗೂ ಒಂದೇ. ಹತ್ತು ಲಕ್ಷ ಕೋಶ ಎಣಿಸಿ ತೆಗೆದುಕೊಳ್ಳಿ. ಒಂದು ಪಾಲಿನಿಂದ ಒಟ್ಟು ಆರ್‌ಎನ್‌ಎ ತೆಗೆಯಿರಿ, ಇನ್ನೊಂದು ಪಾಲಿನಲ್ಲಿ ನ್ಯೂಕ್ಲಿಯಸ್ ಮತ್ತು ಹೊರಗಿನದ್ದು ಬೇರೆ ಮಾಡಿ. ನಿಮ್ಮ ಆರ್‌ಎನ್‌ಎಯ ಗೊತ್ತಿರುವ ಪ್ರಮಾಣದಿಂದ ಸ್ಟ್ಯಾಂಡರ್ಡ್ ಕರ್ವ್ ಹಾಕಿ, ಕೋಶದ ಸಂಖ್ಯೆಯಿಂದ ಭಾಗಿಸಿ. ಬಂದ ಸಂಖ್ಯೆ ಒಂದಕ್ಕಿಂತ ಕಡಿಮೆ ಇದ್ದರೆ, ಎಷ್ಟೇ ಚೆಂದದ ಹೆಸರಿದ್ದರೂ, ಬೇರೆ ಆರ್‌ಎನ್‌ಎ ಹುಡುಕಿ.